ಎರಡು ಮನೆ ಬಲಕ್ಕೆ

ಕ್ಯಾಮೆರಾ ನನ್ನ ಕೈಗೆ ಬಂದಾಗ
ಅದರ ತಲೆಯ ಚಕ್ರ ತಿರುಗುತ್ತಿರಲಿಲ್ಲ.
ಗೋಣಿಕೊಪ್ಪದ ಉಸ್ಮಾನಣ್ಣ, ಸ್ಟುಡಿಯೋ ಮುಚ್ಚಿದ ವಾರ,
ಕಪ್ಪು ಟೇಪು ಸುತ್ತಿ ಅದನ್ನು
‘ಎಮ್’ ಅಕ್ಷರದ ಮೇಲೆ ಕಟ್ಟಿಹಾಕಿಯೇ ಮಾರಿದ್ದ.
ಎಮ್ ಅಂದರೇನಣ್ಣ?
“ಮಂಡೆ,” ಅಂದ. “ನಿಂದು. ಇನ್ನು ಅದನ್ನೇ ಓಡಿಸು.”

ನಾನು ತೋಟದ ರೈಟರು.
ಬರೆಯುವುದೆಂದರೆ ಹಾಜರಿ, ಕೊಯ್ಲಿನ ಕಿಲೋ,
ಯಾರ ಚೀಲ ಒದ್ದೆ, ಯಾರಿಗೆ ಅರ್ಧ ದಿನ.
ಅಂಕಿ ಏರಿದರೆ ಕಾಫಿ ಜಾಸ್ತಿ, ಇಷ್ಟೇ ನನ್ನ ಗಣಿತ.
ಇಲ್ಲಿ ನೋಡಿದರೆ ಅಂಕಿ ಇಳಿದಷ್ಟೂ ಕಿಂಡಿ ಅಗಲ.
ಇಪ್ಪತ್ತೆರಡು ಅಂದರೆ ಸೂಜಿಯ ಕಣ್ಣು,
ಎರಡು ಪಾಯಿಂಟ್ ಎಂಟು ಅಂದರೆ ಹಟ್ಟಿಯ ಬಾಗಿಲು.
ಈ ತಲೆಕೆಳಗು ಮಗ್ಗಿ ಬಾಯಿಗೆ ಕೂರಲು
ಮೂರು ರಾತ್ರಿ ಬೇಕಾಯಿತು.

ಶಟರು ಅರವತ್ತಕ್ಕಿಂತ ಕೆಳಗಿಳಿದರೆ
ನನ್ನ ಕೈಯ ನಡುಕವೂ ಚಿತ್ರದೊಳಗೆ ಬಂದು ಕೂರುತ್ತದೆ.
(ಸಂಜೆಯ ಪೆಗ್ಗು ಬಿಟ್ಟದ್ದು ಹೀಗೆ.
ಹೆಂಡತಿಗೆ ಹೇಳಿದ ಕಾರಣ ಬೇರೆ.)
ಐಎಸ್‌ಒ ಏರಿಸಿದೆನೋ, ಕತ್ತಲೆಯ ತುಂಬ ತರಿ,
ಕಡಂಬಿಟ್ಟಿಗೆ ಒಡೆದ ಅಕ್ಕಿಯ ಹಾಗೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು.
ಒಂಬತ್ತನೆಯ ಬೆಳಗ್ಗೆ ರೋಬಸ್ಟಾ ಸಾಲು ಸಾಲೇ ಬಿರಿದಿತ್ತು.
ಮೊಣಕಾಲೂರಿ, ಮುಳ್ಳನ್ನು ಸೊನ್ನೆಯ ಮೇಲೆ ನಿಲ್ಲಿಸಿ,
ಪುಸ್ತಕದಲ್ಲಿದ್ದ ಹಾಗೆಯೇ ಒತ್ತಿದೆ.
ಬಂದದ್ದು ಬೂದಿ.
ಅಷ್ಟು ಹೂವೂ, ಒಲೆಯಿಂದ
ಆಗಷ್ಟೇ ಕೆರೆದು ತೆಗೆದ ಬೂದಿ.

ಉಸ್ಮಾನಣ್ಣ ಫೋನಿನಲ್ಲಿ ಕೆಮ್ಮಿ ನಕ್ಕ.
“ಅದಕ್ಕೆ ಬಿಳಿ ಗೊತ್ತಿಲ್ಲ ಮಾರಾಯ, ಕಪ್ಪೂ ಗೊತ್ತಿಲ್ಲ.
ಲೋಕವೆಲ್ಲ ಬೂದು ಅಂತ ನಂಬಿದ ಯಂತ್ರ.
ಹೂವಿಗೆ ಎರಡು ಮನೆ ಬಲಕ್ಕೆ ಸರಿಸು.”
ಚೌಕಾಬಾರದ ಕಾಯಿಯಂತೆ ಸರಿಸಿದೆ.
ಪರದೆಯ ಮೇಲೆ ಬೆಳಗಾಯಿತು.

ಆಮೇಲೆ ಮ್ಯಾನೇಜರು ಹೇಳಿದರು:
ಲೈನುಮನೆಯವರಿಗೆಲ್ಲ ಹೊಸ ಕಾರ್ಡು, ಫೋಟೋ ನೀನೇ ತೆಗೆ,
ಪೇಟೆಯ ಖರ್ಚು ಉಳಿಯುತ್ತದೆ.
ಗೋದಾಮಿನ ಗೋಡೆ. ಹೊಸ ಸುಣ್ಣ. ಒಂದು ಸ್ಟೂಲು.

ಮೊದಲು ಬಂದವಳು ಬೊಳ್ಳಿ.
ಬೊಳ್ಳಿ ಅಂದರೆ ಬೆಳ್ಳಿ.
ಹಳೇ ಕಾರ್ಡು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದಳು:
ಎರಡು ಕಣ್ಣು, ಮೂರು ಹಲ್ಲು, ಉಳಿದದ್ದು ಇದ್ದಿಲು.
ಪೌಡರ್ ಹಾಕ್ಕೊಂಡು ಬರಬಾರದಾ ಅಂದಿದ್ದರಂತೆ ಪೇಟೆಯವರು.
ಈ ಸಲ ಹಾಕಿಕೊಂಡು ಬಂದಿದ್ದಳು,
ಕಿವಿಯ ಹಿಂದಕ್ಕೂ.

ನಲ್ಲಿ ಅಲ್ಲಿದೆ, ತೊಳೆದುಕೊಂಡು ಬಾ ಅಂದೆ.
ಸಂಬಳ ಹಿಡಿದವನನ್ನು ನೋಡುವ ಹಾಗೆ ನೋಡಿ
ತೊಳೆದುಕೊಂಡು ಬಂದಳು.

ಮುಳ್ಳು ಸೊನ್ನೆಗೆ. ಒತ್ತಿದೆ.
ಮತ್ತೆ ಇದ್ದಿಲು. ಹಿಂದೆ ಗೋಡೆ ಬೂದು.
ತಪ್ಪು ಯಂತ್ರದ್ದು ಅನ್ನಲು ಹೊರಟ ನಾಲಿಗೆ ನಿಂತಿತು.
ಹತ್ತೊಂಬತ್ತು ವರ್ಷದಿಂದ ನನ್ನ ಹಾಜರಿಯಲ್ಲಿ
ಇವಳು ದಿನಕ್ಕೊಂದು ಗೀಟು,
ಬಾರದ ದಿನ ಒಂದು ಸೊನ್ನೆ.

ಇನ್ನೂರೈವತ್ತು. ನೂರಿಪ್ಪತ್ತೈದು. ಅರವತ್ತು.
ಎರಡು ಮನೆ.
ಮೊಣಕೈ ಪಕ್ಕೆಗೊತ್ತಿ, ಉಸಿರು ಹಿಡಿದು
ಒತ್ತಿದೆ.

ಎಡಗೆನ್ನೆಯಲ್ಲಿ ಒಂದು ಗೆರೆ ಎದ್ದು ಬಂತು.
ಮೆಣಸಿನ ಏಣಿ ಜಾರಿದ ವರ್ಷದ್ದು;
ಅವತ್ತು ನಾನು ‘ಅರ್ಧ ದಿನ’ ಅಂತ ಬರೆದಿದ್ದೆ.
ಕಣ್ಣು ಕಪ್ಪಲ್ಲ, ಬೆಲ್ಲದ ಕಾಫಿಯನ್ನು
ಬಿಸಿಲಿಗೆ ಹಿಡಿದ ಬಣ್ಣ.
ಹಣೆಯಲ್ಲಿ, ಒರೆಸದೆ ಉಳಿದ ಒಂದು ಹನಿ ನೀರು.

ಪರದೆಯನ್ನು ಅವಳ ಕಡೆ ತಿರುಗಿಸಿದೆ.
ಬಹಳ ಹೊತ್ತು ನೋಡಿದಳು. ಮುಖವನ್ನಲ್ಲ.
“ಗೋಡೆ ಎಲ್ಲಿ ಹೋಯ್ತು?”
ನಿಜ. ಸುಣ್ಣದ ಬಿರುಕು, ಕ್ಯಾಲೆಂಡರಿನ ಮೊಳೆ,
ಎಲ್ಲ ಬೆಳಕಿನಲ್ಲಿ ಸುಟ್ಟುಹೋಗಿತ್ತು.
ಎರಡೂ ಒಟ್ಟಿಗೆ ಸಿಗಲ್ಲ ಬೊಳ್ಳಿ, ಒಂದನ್ನ ಬಿಡಬೇಕು ಅಂದೆ.

“ಗೋಡೆ ನಿಮ್ದು,” ಅಂದಳು. “ಹೋಗ್ಲಿ.”

ಸಾಲಿನಲ್ಲಿ ಇನ್ನೂ ಹದಿನೇಳು ಮಂದಿ ಇದ್ದರು.
ಹಿಂದೆ ಯಾರೋ ನಲ್ಲಿ ತಿರುಗಿಸಿದ ಸದ್ದು.