ಮೂರನೇ ಬೋರು

ಬೋರು ಅಂದರೆ ನೀರಿನದು ಅಂತಲೇ ತಿಳಿದಿದ್ದೆ,
ಲಾಡ್ಲೇಸಾಬ ನನ್ನ ಓಮ್ನಿಯ ಹೆಡ್ಡು ಬಿಚ್ಚುವ ತನಕ.
ಮೂರು ಬೋರು. ಎರಡಕ್ಕೆ ಬೆರಳಾಡಿಸಿ
‘ನಡೀತಾವ’ ಅಂದ. ಮೂರನೇದಕ್ಕೆ,
‘ನೀವೇ ನೋಡ್ರಿ ಅಕ್ಕಾ.’
ಉಗುರಿಗೆ ತಡೆಯಿತು ಒಂದು ಏಣು,
ಸವೆದ ಹಂಚಿನ ಅಂಚಿನ ಹಾಗೆ.

ಆರು ವರ್ಷ ಕಡಕ್ ರೊಟ್ಟಿ ಹೊತ್ತ ಗಾಡಿ.
ಜೇವರ್ಗಿಗೆ, ಶಹಾಬಾದಿಗೆ, ಮದುವೆಯಿದ್ದರೆ ಸೇಡಂ ತನಕ.
ಈಗ ಪೆಟ್ರೋಲಿಗಿಂತ ಆಯಿಲ್ಲಿನ ಮೇಲೇ ಆಸೆ ಅದಕ್ಕೆ.
ಹಿಂದೆಲ್ಲ ನೀಲಿ ಹೊಗೆ.
ಸ್ಟೇಷನ್ ಬಜಾರಿನ ಖಾನಾವಳಿಯ ಇಂಗಳಮ್ಮ
ಮೂಸಿ ನೋಡಿ, ಮಾತಾಡದೆ,
ನಲವತ್ತು ರೊಟ್ಟಿ ತಿರುಗಿ ಬುಟ್ಟಿಗಿಟ್ಟಳು.

ಹೊಸ ಪಿಸ್ಟನ್, ಬೋರಿಂಗು, ಕ್ರ್ಯಾಂಕು:
ಇಪ್ಪತ್ತೆಂಟು ಸಾವಿರ.
ನನ್ನ ಹತ್ತಿರ ಒಂಬತ್ತು, ಅದರಲ್ಲೂ ಎರಡು ಸಂಘದ್ದು.
ಬೀಡಿ ಕಟ್ಟಿನ ಕಾಗದದ ಮೇಲೆ ಬರೆದ, ಹೊಡೆದ, ಬರೆದ.
‘ರಿಂಗು, ಬೇರಿಂಗು ಹೊಸಾವ ಹಾಕೂಣು.
ಗ್ಯಾಸ್ಕೆಟ್ಟಿನಾಗ ಚೌಕಾಸಿ ಬ್ಯಾಡ.
ಪಿಸ್ಟನ್ ಹಳೇವೇ ತೊಳೆದು ಹಾಕ್ತೀನಿ.
ವಾಲ್ವಿನ ಕೂಲಿ ಉಳೀಬೇಕಂದ್ರ
ನೀವೇ ಕುಂತು ತಿಕ್ಕರಿ.’

ಕೂತೆ, ಫರಸಿಯ ಮೇಲೆ ಗೋಣಿತಟ್ಟು ಹಾಸಿ, ಎರಡು ದಿನ.
ಪೇಸ್ಟು ಹಚ್ಚಿ, ಕಡ್ಡಿಯನ್ನು ಅಂಗೈಗಳ ನಡುವೆ ಹೊರಳಿಸುತ್ತ,
ಹಗ್ಗವಿಲ್ಲದ ಕಡಗೋಲು.
ಮೊದಲು ಕರಕರ. ಆಮೇಲೆ ಸುರುಸುರು.
ದನಿ ತಿರುಗಿದ್ದು ಅವನಿಗಿಂತ ಮೊದಲು ನನಗೆ ಕೇಳಿಸಿತು.
ಜೋಳದ ಹಿಟ್ಟು ಹದಕ್ಕೆ ಬಂದದ್ದನ್ನೂ
ಕೈಗಿಂತ ಮುಂಚೆ ಕಿವಿಯೇ ಹೇಳುತ್ತದೆ.
ಪೆಟ್ರೋಲು ಸುರಿದು ಕಾದೆವು.
ಐದು ವಾಲ್ವು ಹನಿ ಬಿಡಲಿಲ್ಲ.
ಆರನೇದು ಬಿಟ್ಟಿತು.
ಮತ್ತೆ ಪೇಸ್ಟು.

ತಗಡು ಬಿಸಿಲಿಗೆ ಟಣ್ ಅನ್ನುತ್ತಿತ್ತು.
ಅವನ ಹುಡುಗ ಫಯಾಜ ಬೋಲ್ಟುಗಳನ್ನೆಲ್ಲ
ಖಾಲಿ ತತ್ತಿಯ ಟ್ರೇಯಲ್ಲಿ ಕೂರಿಸಿದ್ದ,
ಗುಣಿಗೊಂದು ನಂಬರು.
ಎಲ್ಲ ಬಿಗಿದ ಮೇಲೆ ಒಂದು ಉಳಿಯಿತು.
ಮೂವರೂ ನೋಡಿದೆವು.
‘ಇದು ನಮ್ಮ ಗಾಡೀದೇ ಅಲ್ಲ’ ಅಂದ ಹುಡುಗ,
ಜೇಬಿಗೆ ಹಾಕಿಕೊಂಡ.

ಮೂರು ಸಲ ಕೀ ತಿರುಗಿಸಿದೆ, ಕೆಮ್ಮಿತು.
ನಾಲ್ಕನೇ ಸಲ ಹತ್ತಿತು.
ಲಾಡ್ಲೇಸಾಬ ಹಿಂದೆ ಹೋಗಿ, ಬಗ್ಗಿ,
ಹೊಗೆಗೆ ಅಂಗೈ ಒಡ್ಡಿ ನೋಡಿಕೊಂಡ.
‘ಮೂರನೇ ಬೋರು ಸ್ವಲ್ಪ ತಿಂತದ.
ಒಂದ್ ವರ್ಷ ತಳ್ತದ. ಜೋರು ಓಡಿಸಬ್ಯಾಡ್ರಿ.’

ಒಂದು ವರ್ಷ ಅಂದರೆ ಎಷ್ಟು ರೊಟ್ಟಿ?
ರಾಮಮಂದಿರ ಸರ್ಕಲ್ಲಿನ ತನಕ ಲೆಕ್ಕ ಹಾಕಿದೆ,
ಹಿಂದಿನಿಂದ ಆಟೋದವ ಹಾರ್ನು ಹೊಡೆದ, ತಪ್ಪಿತು.

ಇಂಗಳಮ್ಮ ಇವತ್ತೂ ಮೂಸಿದಳು. ನಲವತ್ತೂ ಇಟ್ಟುಕೊಂಡಳು.
ರೊಕ್ಕ ಕೊಡುವಾಗ ನನ್ನ ಬೆರಳು ನೋಡಿ
ಏನೋ ಕೇಳಲಿದ್ದಳು.

ಹುಣಸೆ, ಬೂದಿ, ಸಾಬೂನು, ಯಾವುದಕ್ಕೂ ಹೋಗಲೊಲ್ಲದು ಈ ಕಪ್ಪು.
ಇನ್ನು ನಾಲ್ಕು ದಿನ ನಾದಿನಿಯೇ ತಟ್ಟಲಿ.
ನಾನು ಓಡಿಸುತ್ತೇನೆ,
ನಲವತ್ತರ ಮೇಲೆ ಹೋಗದೆ.