ಕುರಿಗೆ ಕೈಯಿಲ್ಲ

ಮೊದಲ ದಿನ, ಟೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿದಾಗ
ಅರಕಲಗೂಡಿನ ಲೋಹಿತ್ ಗೋಡೆಗೆ ಬೆನ್ನು ಕೊಟ್ಟು
ಮೆಲ್ಲಗೆ ಜಾರಿ ಕೂತುಬಿಟ್ಟ.
ನನಗೇನೂ ಆಗಲಿಲ್ಲ.
ಫಾರ್ಮಲಿನ್ನಿಗೆ ಕಣ್ಣು ಉರಿಯಿತು, ಅಷ್ಟೆ.
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಸಾಲಲ್ಲಿ
ಮೂರನೇ ಅಂಗಡಿ ನಮ್ಮದು.
ಭಾನುವಾರ ಬೆಳಗಿನ ಐದಕ್ಕೆ
ಕೊಕ್ಕೆಗಳ ಕೆಳಗೆ ಕೂತು ಹೋಂವರ್ಕ್ ಬರೆದವಳು ನಾನು.

ಇದೇನು, ಎಂದರು ಪಂಕಜಾಕ್ಷಿ ಮೇಡಂ.
ಬಾಯಿಗೆ ಬಂದದ್ದು: ಕಲೇಜಿ.
ಕೋಣೆ ತುಂಬಾ ನಗು.
ಲಿವರ್ ಎಂದು ತಿದ್ದಿಕೊಂಡೆ.
ಯಕೃತ್ತು, ಎಂದಿತು ಒಳಗಿನಿಂದ
ಒಂಬತ್ತನೇ ಕ್ಲಾಸಿನ ಕನ್ನಡ ಮೀಡಿಯಂ.
ಮೂರು ಹೆಸರು ಹೊತ್ತು
ಅದು ತನ್ನ ಪಾಡಿಗೆ ಕಂದಗೆ ಮಲಗಿತ್ತು.

ಅಬ್ಬಾ ಎಂದೂ ಪಾಠ ಹೇಳಿದವರಲ್ಲ.
ಪಿತ್ತದ ಚೀಲ ಬಿಡಿಸುವಾಗ ಮಾತ್ರ ಉಸಿರು ಹಿಡಿಯುತ್ತಿದ್ದರು:
ಒಡೆದರೆ ಕಹಿ, ಗಿರಾಕಿ ಹೋದ.
ಬಕೆಟ್ಟಿನಲ್ಲಿ ಫೇಪ್ಸಾ ಮುಳುಗುತ್ತಿರಲಿಲ್ಲ,
ಒತ್ತಿದರೆ ಮತ್ತೆ ಮೇಲೆ.
ಕುರಿ ಹೋದಮೇಲೂ ಒಂದಿಷ್ಟು ಉಸಿರು
ಒಳಗೇ ಉಳಿದಿರುತ್ತದೆಂದು ಆಗಲೇ ಗೊತ್ತಿತ್ತು,
ಗಾಳಿಗೂಡು ಎಂಬ ಪದ ಗೊತ್ತಿರಲಿಲ್ಲ.
ಗುರ್ದೆ ಯಾವಾಗಲೂ ಕೊಬ್ಬಿನ ಶಾಲು ಹೊದ್ದು
ಡಿಸೆಂಬರಿನ ಮುದುಕನ ಹಾಗೆ.
ದಿಲ್ ತೊಳೆಯುವುದು ನನ್ನ ಕೆಲಸ.
ಒಂದು ಕಡೆಯಿಂದ ನೀರು ಬಿಟ್ಟರೆ ಹೋಗುತ್ತದೆ,
ಇನ್ನೊಂದು ಕಡೆಯಿಂದ ಬಿಟ್ಟರೆ ನಿಲ್ಲುತ್ತದೆ;
ಒಳಗೆ ಈರುಳ್ಳಿ ಸಿಪ್ಪೆಯಂಥ ಬಾಗಿಲು, ದಾರ ಕಟ್ಟಿದ್ದು.
ಗೊರೂರು ಡ್ಯಾಮಿಗೆ ಸ್ಕೂಲಿಂದ ಹೋದಾಗ
ಮೇಷ್ಟ್ರು ಗೇಟುಗಳ ಬಗ್ಗೆ ಹೇಳಿದ್ದನ್ನು ನಾನು ಕೇಳಲಿಲ್ಲ.
ನೋಡಿದ್ದೆನಲ್ಲ.

ಅಂಗಾಂಶಗಳು ನಾಲ್ಕು ಬಗೆ:
ಅನುಲೇಪಕ, ಸಂಯೋಜಕ, ಸ್ನಾಯು, ನರ.
ಪರೀಕ್ಷೆಗೆ ಹಾಗೆ ಬರೆದೆ.
ಗಿರಾಕಿಗಳ ವಿಂಗಡಣೆಯೇ ಬೇರೆ:
ಮೆತ್ತಗಿರೋದು ಹಾಕಿ, ನಾರು ಬೇಡ,
ಎದೆ ಕಡೇದು ಅರ್ಧ, ಬಾಣಂತಿಗೆ ಕಾಲು.
ಆ ಬೇಡವಾದ ನಾರೇ,
ಹಲ್ಲಿಗೆ ಸಿಕ್ಕಿ ಬೈಸಿಕೊಳ್ಳುವುದೇ,
ಇಡೀ ಮೈಯನ್ನು ಚೆಲ್ಲದಂತೆ ಹಿಡಿದಿರುವುದು.

ಕುರಿಯ ಹೊಟ್ಟೆ ನಾಲ್ಕು ಮನೆ, ಟೇಬಲ್ಲಿನ ಮೇಲಿನದಕ್ಕೆ ಒಂದೇ.
ಹೇಳಿದರೆ ಅಬ್ಬಾ ನಕ್ಕರು:
ಒಂದೇ ಇಟ್ಕೊಂಡು ಇಷ್ಟು ಗಲಾಟೆ ಮಾಡ್ತಾನಾ!

ಹೀಗೆ ಹೊಟ್ಟೆ, ಎದೆ, ತೊಡೆ,
ಫೆಬ್ರವರಿ ತನಕ ನಾನೇ ಎಲ್ಲರಿಗಿಂತ ಮುಂದೆ.
ಆಮೇಲೆ ಕೈ ಬಂತು.

ಕುರಿಗೆ ಕೈಯಿಲ್ಲ.

ಮುಂಗೈಯ ಚರ್ಮ ತೆರೆದು, ಹಳದಿ ಕೊಬ್ಬು ಸರಿಸಿದರೆ
ಮಣಿಕಟ್ಟಿನ ಪಟ್ಟಿಯ ಕೆಳಗೆ ನುಸಿಯುವ ಬಿಳಿ ದಾರಗಳು.
ಮೇಡಂ ಚಿಮಟದಲ್ಲಿ ಒಂದನ್ನು ಎತ್ತಿ
ಮೆಹಜಬೀನ್, ಎಳಿ, ಎಂದರು.
ಎಳೆದೆ.
ತೋರುಬೆರಳು ಮಡಚಿಕೊಂಡಿತು.
ಪೂರ್ತಿ ಅಲ್ಲ. ಸ್ವಲ್ಪ.
ಭಾನುವಾರದ ಗುಂಪಿನ ಹಿಂದಿನಿಂದ ಯಾರೋ
ಇಲ್ಲಿ ನೋಡಮ್ಮ, ನನ್ನದೂ ಒಂದು ತೂಗು
ಎಂದು ಕರೆಯುವಷ್ಟು.

ಆ ಬೆರಳ ಬುಡದಲ್ಲಿ ಜಡ್ಡು.
ದರ್ಜಿಯಿದ್ದರೋ, ಕ್ಷೌರ ಮಾಡುತ್ತಿದ್ದರೋ,
ಆಯುಷ್ಯವೆಲ್ಲ ಏನನ್ನೋ ಹಿಡಿದೇ ಇದ್ದರು.
ಹೆಸರಿಲ್ಲ, ಕಾಲ್ಬೆರಳಿಗೆ ಒಂದು ನಂಬರು.
ದಾರ ಬಿಟ್ಟೆ. ಬೆರಳು ಹಾಗೇ ಇತ್ತು.
ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ;
ಲೋಹಿತ್ ಕರ್ಚೀಫು ಕೊಟ್ಟ, ಏನೂ ಕೇಳಲಿಲ್ಲ.

ಸಂಜೆ ಪೆನ್ಷನ್ ಮೊಹಲ್ಲಾದಲ್ಲಿ
ಅಬ್ಬಾ ಮೆಟ್ಟಿಲ ಮೇಲೆ ಕೂತು ಕತ್ತಿ ಮಸೆಯುತ್ತಿದ್ದರು.
ಚರ್ಮದಡಿಯಲ್ಲಿ ದಾರಗಳು ಹೋದವು, ಬಂದವು,
ಯಾರೂ ಎಳೆಯದೆ.
ಆ ಕೈ ಹಿಡಿದುಕೊಂಡೆ.
ಏನಮ್ಮಾ?
ನಾಡಿ, ಎಂದೆ. ನಿಮಿಷಕ್ಕೆ ಎಪ್ಪತ್ತಾರು.
ಎಪ್ಪತ್ತಾರಾ? ನಾನು ಅಂಗಡಿಗೆ ಕೂತಾಗ
ಕಿಲೋ ರೇಟು ಅದೇ ಇತ್ತು, ಎಂದು
ಕೈ ಬಿಡಿಸಿಕೊಂಡು
ಮತ್ತೆ ಮಸೆಯತೊಡಗಿದರು.