ಎಂಟನೇ ಡೆಕ್ಕಿನ ಹಚ್ಚೆ ಅಂಗಡಿ

ಜಾಹೀರಾತಿನಲ್ಲಿದ್ದವರೆಲ್ಲ ಇಪ್ಪತ್ತೈದರ ಒಳಗಿನವರು,
ಒದ್ದೆ ಕೂದಲು, ಕಣ್ಣಂಚಿಗೆ ಒಂದೂ ಸುಕ್ಕಿಲ್ಲ.
ಬ್ಯಾಲಾರ್ಡ್ ಪಿಯರಿನ ಸಾಲಿನಲ್ಲಿ
ನನಗೆ ಐವತ್ತೊಂಬತ್ತು, ಅಮ್ಮನಿಗೆ ಎಂಬತ್ತೆರಡು,
ಟಿಕೆಟು ತೆಗೆಸಿದ ಅಣ್ಣನ ಮಗಳು ಮೃಣ್ಮಯಿಗೆ ಇಪ್ಪತ್ಮೂರು.
ಕೂಡಿಸಿ ಮೂರರಿಂದ ಭಾಗಿಸಿದರೂ
ಹಡಗಿನ ಲೆಕ್ಕಕ್ಕೆ ನಾವು ಮುದುಕರೇ.
ಫೋರ್ಟಿನ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ
ಸರಾಸರಿ ತೆಗೆದವಳು ನಾನು, ತಪ್ಪಿರಲಾರದು.

ಗೋವಾಕ್ಕೆ ಹೋಗಿ ಬರುವ ಎರಡು ರಾತ್ರಿ.
ಅಮ್ಮ ಬಲಗಾಲಿಟ್ಟು ಹತ್ತಿದಳು,
ಉಕ್ಕಿನ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡಳು,
ಕೈಯಲ್ಲಿ ‘ರುಕ್ಕು ಕರ್ಕೇರ’ ಎಂದು ಅಚ್ಚಾದ ಕಾರ್ಡು,
ಬಾಯಲ್ಲಿ ಒಂದೇ ಪ್ರಶ್ನೆ:
ಚಾಪೆ ಎಲ್ಲಿ ಹಾಸುವುದು?

ಮದುವೆಯಾದ ತಿಂಗಳಿಗೆ ಅವಳು
ಬೊಂಬಾಯಿಗೆ ಬಂದದ್ದು ಹಡಗಿನಲ್ಲೇ.
ಡೆಕ್ಕಿನ ಮೇಲೆ ಚಾಪೆಯಗಲದ ಸಂಸಾರ,
ತಲೆಗೆ ಕುಚ್ಚಲಕ್ಕಿಯ ಗಂಟು,
ವಾಕರಿಕೆಗೆಂದು ತಂದ ಒಂದೇ ಒಂದು ಲಿಂಬೆ.
ಅದನ್ನೂ ಪಕ್ಕದ ಬಸುರಿಗೆ ಕೊಟ್ಟು
ಭಾವುಚಾ ಧಕ್ಕೆಯವರೆಗೆ
ಕಕ್ಕುತ್ತಲೇ ಬಂದಳಂತೆ ಬೊಂಬಾಯಿಯ ಸೊಸೆ.

ರಾತ್ರಿ ಎಂಟಕ್ಕೆ ನೆಲ ನಡುಗಿತು. ಅಲೆಯಲ್ಲ, ಡೀಜೆ.
ಮೃಣ್ಮಯಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ನೇರ ಹಡಗಿಗೇ ಬಂದವಳು;
ಕಿವಿಗೆ ಹತ್ತಿ ತುರುಕಿ, ಗೋಡೆ ಕಡೆ ತಿರುಗಿ
ಮಲಗಿಬಿಟ್ಟಿತು
ಯಾರಿಗೆಂದು ಹಡಗು ಕಟ್ಟಿದ್ದರೋ ಆ ವಯಸ್ಸು.
ಅಮ್ಮನಿಗೋ ನಿದ್ದೆಯಿಲ್ಲ.
ಬಾ, ಊರು ನೋಡಿ ಬರುವ, ಅಂದಳು.

ಎಂಟನೇ ಡೆಕ್ಕಿನಲ್ಲಿ ಗಾಜಿನ ಕೋಣೆ,
ಒರಗಿದ ಕುರ್ಚಿ, ಮೇಲೊಂದು ದೀಪ.
ಇಲ್ಲಿ ಹಲ್ಲು ಕೀಳುತ್ತಾರಾ?
ಇಲ್ಲಮ್ಮ, ಹಚ್ಚೆ.
ಹಚ್ಚೆಯಾ! ಎಂದು ಅವಳು ಸೆರಗು ಸರಿಸಿದ್ದೇ ತಡ
ಐಜಾಲಿನ ಹುಡುಗ ಲಾಲ್‌ರೆಮ ಸೂಜಿ ಕೆಳಗಿಟ್ಟ.

ಮಣಿಕಟ್ಟಿನಿಂದ ಮೊಣಕೈವರೆಗೆ
ಪಾಚಿ ಬಣ್ಣಕ್ಕಿಳಿದ ತುಳಸಿಕಟ್ಟೆ, ಜೋಡಿ ಮೀನು,
ಬಾಲ ಎತ್ತಿದ ಒಂದು ಚೇಳು.
ದೀಪದ ಮಸಿ, ಬಾಣಂತಿಯ ಎದೆಹಾಲು,
ಚುಚ್ಚಿದವಳಿಗೆ ಒಂದು ಸೇರು ಅಕ್ಕಿ, ನಾಲ್ಕು ಒಣ ಬಂಗುಡೆ.
ಅಮ್ಮ ಹೇಳುತ್ತಾ ಹೋದಳು
ತುಳುವಿನಲ್ಲಿ, ಮುರುಕು ಹಿಂದಿಯಲ್ಲಿ, ಬೆರಳಿನಲ್ಲಿ.
ಕುಣಿತ ಬಿಟ್ಟು ಬಂದವರು ಸುತ್ತ ನೆಲಕ್ಕೇ ಕೂತರು,
ಬೆವರು, ಸೆಂಟು, ಮಿನುಗುವ ರೆಪ್ಪೆಗಳು.

ಇದೇ ಕೈಯನ್ನು ನಾನು
ಶಾಲೆಯ ಪಾಲಕರ ಸಭೆಯಲ್ಲಿ
ಮುಚ್ಚಿಕೋ ಎಂದು ಚಿವುಟಿದ್ದೆ.
ಒಂಬತ್ತನೇ ಇಯತ್ತೆ. ಸೆರಗು ಎಳೆದುಕೊಂಡಿದ್ದಳು,
ಏನೂ ಅಂದಿರಲಿಲ್ಲ.

ಚೇಳು ನನಗೆ ಬೇಕು ಅಂದಳು ಥಾಣೆಯ ಹುಡುಗಿ,
ಹೆಗಲು ತೋರಿಸಿ.
ಏಳು ಸಾವಿರ ಎಂದು ಕೇಳಿ ಅಮ್ಮ ಎದೆಗೆ ಕೈಯಿಟ್ಟಳು:
ಸೂಜಿ ಕೊಡು ಮಗಾ, ನಾನೇ ಚುಚ್ಚುತ್ತೇನೆ.
ಮತ್ತೆ ಮೆಲ್ಲಗೆ,
ಅದಕ್ಕೆ ಒಂದು ಕಾಲು ಕಮ್ಮಿ, ನೋಡಿ ಹಾಕು.
ನನಗಾಗ ಎಂಟು ವರ್ಷ, ಅತ್ತು ಕೈ ಎಳೆದುಕೊಂಡೆ,
ಅವಳು ಅಲ್ಲಿಗೇ ಬಿಟ್ಟಳು.

ಲಾಲ್‌ರೆಮ ಹುಡುಗಿಯ ಮುಖ ನೋಡಿದ.
ಸರಿಪಡಿಸಲಾ?
ಬೇಡ, ಕಮ್ಮಿಯೇ ಇರಲಿ.

ಹಾಗೆ, ರತ್ನಾಗಿರಿಯ ದೀಪಗಳು ದೂರದಲ್ಲೆಲ್ಲೋ ಕಳೆದ ಮೇಲೆ
ಕಡಲ ತಡಿಯ ಯಾವುದೋ ಗುಡಿಸಲಿನ ಅಳುವೊಂದು
ಗುಂಯ್‌ಗುಟ್ಟುವ ಯಂತ್ರದ ತುದಿಯಿಂದ
ಥಾಣೆಯ ಹೆಗಲಿಗೆ ಇಳಿಯಿತು.
ಅಮ್ಮ ಅವಳ ಕೈ ಹಿಡಿದು ಕೂತಿದ್ದಳು.
ನಾನು ನನ್ನ ಕೈ ನೋಡಿಕೊಂಡೆ:
ವಾಚು ಕಟ್ಟಿ ಕಟ್ಟಿ ಬಿಳುಚಿದ ಒಂದು ಪಟ್ಟಿ.
ನಿಮಗೂ ಒಂದು ಹಾಕಲಾ ಆಂಟಿ, ಅಂದ ಹುಡುಗ.
ನಾಳೆ ನೋಡುವ, ಅಂದೆ,
ಸಾಲದ ಅರ್ಜಿಗಳಿಗೆ ಹೇಳುತ್ತಿದ್ದ ಹಾಗೆ.

ಮೂರು ಗಂಟೆಗೆ ಸಂಗೀತ ನಿಂತಿತು.
ಅಮ್ಮ ಹಡಗಿನವರ ಟವೆಲು ಹಾಸಿ
ಡೆಕ್ಕಿನ ಮೇಲೇ ಕಾಲು ಚಾಚಿದಳು.
ಕಾವಲಿನವನು ಬಂದು ನೋಡಿ ಸುಮ್ಮನೆ ಹೋದ.
ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಮೃಣ್ಮಯಿ ಬಂದಳು,
ಮುಖ ಸುಣ್ಣ, ವಾಂತಿಯ ಗುಳಿಗೆ ಮರೆತು ಬಂದ ಡಾಕ್ಟರು.
ಅಮ್ಮ ಸೊಂಟದ ಚೀಲ ತಡಕಿ
ಲಿಂಬೆಹಣ್ಣು ಕೊಟ್ಟಳು.
ಈ ಸಲ ಎರಡು ತಂದಿದ್ದಳು.
ಇನ್ನೊಂದನ್ನು ನನ್ನ ಕೈಗಿಟ್ಟಳು.
ನನಗೆ ವಾಕರಿಕೆ ಇರಲಿಲ್ಲ.
ಆದರೂ ಉಗುರಿನಿಂದ ಸಿಪ್ಪೆ ಗೀರಿ ಮೂಸಿದೆ.